ಲೇತಿಗೆ ಏರಿಸಿದ ಕೂರಿಗಿ ಬಟ್ಲು

ಲೇತಿನ ಚಕ್ಕು ಕೊಂಡು ತರೂದು ಬ್ಯಾಡ, ಕಟ್ಟಿಗೀಲೇ ನಾನ ಮಾಡಿಕೊಳ್ತೀನಿ ಅಂತ ಊರ ತುಂಬ ಹೇಳಿಕೊಂಡು ಅಡ್ಡಾಡಿದವ ನಾನ. ಯಾರೂ ಒತ್ತಾಯ ಮಾಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಇದ್ದಿದ್ರ ಇದನ್ನ ಬರಿಯೂ ಪ್ರಸಂಗ ಬರ್ತಿರಲಿಲ್ಲ. ಬಡಿಗ್ಯಾನ ಜಂಬ ಅಂದ್ರ ಹಂಗ ನೋಡ್ರಿ, ಮತ್ತೊಬ್ರು ಮಾಡಿದ ಸಾಮಾನು ಕೈಯಾಗ ಹಿಡದ್ರ ಮೊದಲ ಅದರಾಗ ಹುಳುಕು ಹುಡಕತೈತಿ.

ಕುಷ್ಟಗಿಯಿಂದ ಯಲಬುರ್ಗಾಕ್ಕ ಹೋಗೂ ದಾರ್ಯಾಗ ನಮ್ಮೂರು. ಮನಿ ಮುಂದ ತಗಡಿನ ಸೆಡ್ಡು, ಅದರಾಗ ಕಟ್ಟಿಗಿ ತಿರುಗಿಸಿ ಕೆತ್ತೂ ನನ್ನ ಲೇತು. ಚೌಕಟ್ಟು ಗಂಗಾವತ್ಯಾಗ ವೆಲ್ಡಿಂಗ್ ಮಾಡಿಸಿದ್ದು, ಮೋಟರು ಕಾರಟಗಿಯ ಒಂದು ಅಕ್ಕಿ ಗಿರಣಿಯವರು ಹೊರಗ ಒಗದಿದ್ದು. ಅದರ ಮ್ಯಾಲ ಲಟ್ಟಣಿಗಿ, ತೊಟ್ಟಿಲ ಕಂಬ, ಮಂಚದ ಕಾಲು ಇಂಥವನ್ನ ಮಾಡಿಕೊಂಡಿದ್ದೆ. ಇವೆಲ್ಲಾ ಎರಡೂ ತುದಿ ಹಿಡದು ತಿರುಗಿಸೂ ಕೆಲಸ. ಈ ಕಡೆ ಒಂದು ಮೊನಿ, ಆ ಕಡೆ ಒಂದು ಮೊನಿ, ನಡುವ ಕಟ್ಟಿಗಿ. ಒಳಗ ಕೊರಿಯೂ ಕೆಲಸ ಬಂದ್ರ ಮುಂದಿನ ತುದಿ ಬಿಡಬೇಕಾಗತೈತಿ, ಹಿಂದಿನಿಂದ ಅಷ್ಟ ಗಟ್ಟಿ ಹಿಡೀಬೇಕು. ಹಂಗ ಹಿಡಿಯೂ ಸಾಮಾನಿಗೆ ಚಕ್ಕು ಅಂತಾರ. ಲೇತಿನ ಮೂತಿಗೆ ತಿರುವಿ ಕೂಡಿಸಿ, ಮ್ಯಾಲ ಕಟ್ಟಿಗಿಗೆ ಸ್ಕ್ರೂ ಹೊಡಿಯೂ ಗುಂಡನ್ನ ಹಲಗಿಗೆ ಫೇಸ್‌ಪ್ಲೇಟು ಅಂತಾರ. ಎರಡೂ ನನ್ನ ಹತ್ರ ಇರಲಿಲ್ಲ.

ಹಿಂಗಿರೂ ಹೊತ್ತಿನ್ಯಾಗ ಕೊಪ್ಪಳದ ಒಂದು ಸೀರಿ ಅಂಗಡಿ ಸಾವ್ಕಾರ್ರು ಹೇಳಿ ಕಳಿಸಿದ್ರು. ಮದಿವಿ ಜವಳಿ ತಗೊಂಡವರಿಗೆ ಒಂದೊಂದು ಕಟ್ಟಿಗಿ ಕುಂಕುಮದ ಭರಣಿ ಕೊಡಬೇಕಂತ. ಹೋಗಿ ಕೂತೆ. ಸಾವ್ಕಾರ್ರು ಬೆರಳಿಂದ ಬೆರಳಿಗೆ ಬಡದು ತೋರಿಸಿದ್ರು.

"ಮುಚ್ಚಳ ಹಿಂಗ ಟಕ್ ಅಂತ ಕೂಡಬೇಕ್ರಿ. ಸಡಲ ಇರಬಾರದು, ತಗಿಯೂ ಮುಂದ ಹೆಣಮಕ್ಕಳು ಜಗ್ಗಾಡಬಾರದು. ಆಗ್ತೈತೇನ್ರಿ ನಿಮ್ಮ ಕಡೆ?"

"ಯಾಕಾಗಂಗಿಲ್ರಿ," ಅಂದೆ. ಆಗತೈತೋ ಇಲ್ಲೋ ನನಗ ಗೊತ್ತಿರಲಿಲ್ಲ.

ಮೊದಲು ಫೇಸ್‌ಪ್ಲೇಟಿಗಂತ ಬೇವಿನ ಹಲಗಿ ಗುಂಡಗ ಕೊರದು, ನಡುವ ತೂತು ಹಾಕಿ, ಹಳೇ ಬೋಲ್ಟಿಗೆ ಅರದಿಂದ ಹಲ್ಲು ಮಾಡಿ ಕಟ್ಟಿಗಿಯೊಳಗ ತಿರುಪಿನ ಆಟಿ ಕೊರದೆ. ಲೇತಿನ ಮೂತಿಗೆ ಏನೋ ಏರಿತು. ಮೋಟರು ಚಾಲೂ ಮಾಡಿದ್ರ ಸೆಡ್ಡಿನ ತಗಡೆಲ್ಲ ಗಡಗಡ. ಎರಡು ಸಲ ಏರಿಸಿ ಇಳಿಸೂದ್ರಾಗ ಬೇವಿನ ಆಟಿ ಸವದು ಪುಡಿ ಆತು. ಆಮ್ಯಾಲ ಮಾವಿನ ಹಲಗಿಯೊಳಗ ಕಬ್ಬಿಣದ ನಟ್ಟು ಕೂಡಿಸಿದೆ. ಉಳಿ ಒಂಚೂರು ಸಿಕ್ಕಿದ್ದ ತಡ, ಹಲಗಿ ಎಳಿಗುಂಟ ಸೀಳಿ ಅರ್ಧ ಹಾರಿ ಹೋಗಿ ತಗಡಿಗೆ ಬಡೀತು. ಒಳಗ ರೊಟ್ಟಿ ಬಡಿಯಾಕತ್ತಿದ್ದ ನಮ್ಮ ಮನ್ಯಾಕಿ ಹಿಟ್ಟಿನ ಕೈಲೇ ಹೊರಗ ಬಂದ್ಲು.

"ಭರಣಿ ಮಾಡ್ತೀರೋ, ಸೆಡ್ಡ ಬಿಚ್ಚತೀರೋ?"

"ಕಟ್ಟಿಗಿ ಛಲೋ ಇಲ್ಲ," ಅಂದೆ.

"ಹೌದ್ರಿ, ಕಟ್ಟಿಗೀದ ತಪ್ಪು," ಅಂತ ಒಳಗ ಹೋದ್ಲು.

ಮೂರನೇದು ಹೊಸದಾಗಿ ಕಡದ ಜಾಲಿ. ಲೇತಿಗೆ ಹಾಕಿ ಹೊಳ್ಳಿಸಿದಾಗ ಬೆಣ್ಣಿಯಂಗ ಇತ್ತು, ನಾನೂ ಹಿಗ್ಗಿದೆ. ಮರುದಿನ ಮುಂಜಾನಿ ಕೈವಾರ ಹಚ್ಚಿ ನೋಡಿದ್ರ ಚಕ್ರ ಹೋಗಿ ತತ್ತಿ ಆಗಿತ್ತು. ಹಸಿ ಕಟ್ಟಿಗಿ ಆರೂ ಮುಂದ ಎಳಿಗುಂಟ ಒಂದು ನಮೂನಿ, ಎಳಿಗೆ ಅಡ್ಡ ಒಂದು ನಮೂನಿ ಕುಗ್ಗತೈತಿ. ಸಣ್ಣಾಂವ ಇದ್ದಾಗಿಂದ ಗೊತ್ತಿದ್ದ ಮಾತು, ಅವಸರಕ್ಕ ಮರತಿದ್ದೆ. ನನಗ ಬೇಕಾಗಿದ್ದು ಒಣಗಿದ ಜಾಲಿ. ಒಂದು ವರ್ಷ ಎರಡು ವರ್ಷ ಅಲ್ಲ, ಒಬ್ಬ ಮನಷ್ಯಾನ ಆಯುಷ್ಯದಷ್ಟು ಒಣಗಿದ್ದು. ಅಂಥಾದ್ದು ಪೇಟ್ಯಾಗ ಸಿಗೂದಿಲ್ಲ. ತಲಿ ಎತ್ತಿದ್ರ ನನ್ನ ಸೆಡ್ಡಿನ ಗೂಟದ ಮ್ಯಾಲ ಇತ್ತು.

ನಮ್ಮ ಕಡೆ ಬಿತ್ತಿಗಿ ಮುಗದ ಮ್ಯಾಲ ಕಾಳು ಬಿತ್ತೂ ಕೂರಿಗಿ ಬಡಿಗ್ಯಾರ ಮನಿಗೆ ಬಂದು ಸೇರತಾವ. ನೆಲ ಸೀಳೂ ತಾಳು ಸವದಿದ್ರ ಹೊಸಾದು ಹಾಕೂದು, ಕೀಲು ಸಡಲಾಗಿದ್ರ ಬಿಗಿ ಮಾಡೂದು. ಮುಂದಿನ ಮಿರಗದ ಮಳಿಗೆ ಬಂದು ಒಯ್ಯೂತನಕ ನಮ್ಮ ಗೂಟದ ಮ್ಯಾಲ ಇರತಾವ. ಇಟ್ಟವರು ಗುರುತಿನ ಚೀಟಿ ಕೇಳೂದಿಲ್ಲ, ನಾವೂ ಕೊಡೂದಿಲ್ಲ. ಈಗ ಟ್ರ್ಯಾಕ್ಟರ್ ಬಂದು ಗೂಟ ಖಾಲಿ ಬಿದ್ದಾವ. ಈ ಭರಣಿ ಕೆಲಸದ ಹಿಂದಿನ ವರ್ಷ ಬಂದದ್ದು ಒಂದ ಕೂರಿಗಿ, ಊರಿನ ಬಡಗಣ ದಿಕ್ಕಿನ ಓಣಿಯ ಒಬ್ಬ ಯಕ್ಕಂದು. ಅಕಿ ಗಂಡ, ನಾವು ಮಾವಾ ಅಂತಿದ್ವಿ, ಹೊತ್ತುಕೊಂಡು ಬಂದು "ಒಂದು ತಾಳು ಬದಲಿ ಮಾಡೋ ಬಡಿಗ್ಯಾ" ಅಂತ ಇಟ್ಟು ಹೋಗಿದ್ದ. ಚಳಿಗಾಲದಾಗ ಮಾವ ತೀರಿಕೊಂಡ. ತಾಳು ನಾನು ಹಾಕಿರಲಿಲ್ಲ, ಯಾರೂ ಕೇಳಾಕೂ ಬಂದಿರಲಿಲ್ಲ.

ಅದು ಮೂರು ತಾಳಿನ ಕೂರಿಗಿ. ಮ್ಯಾಲಿನ ಬಟ್ಲು ಜಾಲಿ ಬುಡದ್ದು. ಗೇಣಿಗೆ ಒಂಚೂರು ಕಮ್ಮಿ ಅಗಲ, ತಳ ಮೂರು ಬೆರಳು ದಪ್ಪ, ಕೈ ಆಡಿ ಆಡಿ ಅಂಚು ನುಣ್ಣಗಾಗಿತ್ತು. ಯಾರು ಕೆತ್ತಿದ್ರೋ ಗೊತ್ತಿಲ್ಲ. ತಳದಾಗ ಮೂರು ತೂತು, ನಡುವ ಮಲ್ಲಿಗಿ ಮೊಗ್ಗಿನಂಗ ಒಂದು ಉಬ್ಬು. ಬಿತ್ತಾಕಿ ಮುಷ್ಟಿಯಿಂದ ಬಿಡೂ ಕಾಳು ಆ ಉಬ್ಬಿನ ಮ್ಯಾಲ ಬಿದ್ದು, ಸಮಾ ಹಂಚಿ, ಮೂರು ತೂತಿಗೆ ಇಳೀಬೇಕು. ತೂತಿನ ಕೆಳಗ ಬಿದಿರಿನ ಕೊಳವಿ, ಕೊಳವಿ ಕೆಳಗ ಸಾಲು. ಉಬ್ಬು ಒಂದು ಕಡೆ ವಾರಿ ಇದ್ರ ಒಂದು ಸಾಲು ದಟ್ಟ, ಒಂದು ಸಾಲು ತೆಳ್ಳಗ ಏಳತೈತಿ. ಇಷ್ಟೆಲ್ಲಾ ಗೊತ್ತಿದ್ದ ನನಗ ಆ ಹೊತ್ತಿನ್ಯಾಗ ಕಂಡದ್ದು ಮಾತ್ರ ಬ್ಯಾರೆ. ಒಣಗಿದ ಜಾಲಿ, ಗುಂಡಗ ಐತಿ, ಸ್ಕ್ರೂಕ್ಕ ಬೇಕಾದ ಮೂರು ತೂತು ಸಮಾ ಅಂತರದಾಗ ಮೊದಲ ಅದಾವ. ಫೇಸ್‌ಪ್ಲೇಟು ಯಾರೋ ನನಗಂತ ಮಾಡಿ ಇಟ್ಟು ಹೋಗ್ಯಾರ ಅನ್ನಿಸಿತು.

"ಯಕ್ಕನ್ನ ಒಂದ ಮಾತು ಕೇಳ್ರಿ," ಅಂದ್ಲು ನಮ್ಮ ಮನ್ಯಾಕಿ.

"ಟ್ರ್ಯಾಕ್ಟರ್ ಬಂದ ಮ್ಯಾಲ ಕೂರಿಗಿ ಯಾರಿಗೆ ಬೇಕು? ಮಾವನೂ ಇಲ್ಲ. ಅಕಿ ಒಬ್ಬಾಕಿ ಏನು ಬಿತ್ತತಾಳ?"

"ಅದನ್ನ ಅಕಿ ಹೇಳ್ಲಿ."

ಕೇಳಾಕಂತ ಆ ಓಣಿಗೆ ಹೋಗಿದ್ದೂ ಹೌದು. ಯಕ್ಕ ಕಟ್ಟಿ ಮ್ಯಾಲ ಕೂತು ಸಜ್ಜಿ ಕೇರಾಕತ್ತಿದ್ಲು. "ಬಾ ತಮ್ಮಾ, ಚಾ ಕುಡಿ," ಅಂದ್ಲು. ಚಾ ಕುಡದೆ, ಬಿಸಲಿನ ಮಾತು ಮಾತಾಡಿದೆ, ಎದ್ದು ಬಂದೆ. ಕೇಳಿದ್ರ ಇಲ್ಲ ಅಂದಾಳು ಅನ್ನೂ ಅಂಜಿಕಿ. ಕೇಳಲಿಲ್ಲಂದ್ರ ಇಲ್ಲ ಅನ್ನೂದ ಇರೂದಿಲ್ಲಲ್ಲ. ಇಷ್ಟ ನನ್ನ ಲೆಕ್ಕ.

ಹಗ್ಗ ಬಿಚ್ಚಿ ಬಟ್ಲ ಇಳಿಸಿದೆ. ನಡುವಿನ ಉಬ್ಬಿಗೆ ಉಳಿ ಇಟ್ಟು ಎರಡು ಏಟು ಹಾಕಿದೆ, ಹಾರಿ ಹೋತು. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ಉಬ್ಬಿದ್ದಲ್ಲಿ ಬೈರಿಗಿಯಿಂದ ದೊಡ್ಡ ತೂತು ಕೊರದು, ಆರು ಮೂಲಿ ನಟ್ಟು ಕೂಡೂವಂಗ ಮನಿ ಕೆತ್ತಿದೆ. ಎರಡು ಟ್ಯೂಬಿನ ಅಂಟು ಕಲಿಸಿ, ಅದಕ್ಕ ಸಣ್ಣ ಕಟ್ಟಿಗಿ ಹಿಟ್ಟು ಬೆರಸಿ, ನಟ್ಟು ಇಟ್ಟು, ನೆಟ್ಟಗ ಕೂಡಲಿ ಅಂತ ಲೇತಿನ ಮೂತಿಗೇ ತಿರುವಿ ಆರಾಕ ಬಿಟ್ಟೆ. ಆದ್ರೂ ಒಂದು ಕೂದಲಷ್ಟು ವಾರಿ ಕೂತಿತ್ತು. ಮುಖ ಕೆತ್ತಿ ಸಪಾಟ ಮಾಡಿದ್ರ ಅದು ಮುಚ್ಚಿ ಹೋಗತೈತಿ ಅಂತ ಬಿಟ್ಟೆ. ಮೂರು ತೂತನ್ನೂ ಸ್ಕ್ರೂಕ್ಕ ತಕ್ಕಂಗ ಅಗಲ ಮಾಡಿದೆ.

ಮೋಟರು ಚಾಲೂ ಮಾಡಿ ಅಂಚಿಗೆ ಉಳಿ ಹಚ್ಚಿದ ಕೂಡಲೆ ಹಳದಿ ಪುಡಿ ಹಾರಿ ಮೀಸಿ ಮ್ಯಾಲ ಬಿತ್ತು. ಹಿಂದ ಕೆಂಪು. ವರ್ಷಾ ವರ್ಷಾ ಬಿತ್ತಿಗಿಗಿಂತ ಮೊದಲು ಪೂಜಿ ಮಾಡಿ ಹಚ್ಚಿದ ಅರಿಷಿಣ ಕುಂಕುಮ ಒಂದರ ಮ್ಯಾಲ ಒಂದು ಕೂತು ಕಟ್ಟಿಗಿಯೊಳಗ ಇಳದಿತ್ತು. ನನ್ನ ಕೈ ನಿಂತಿದ್ದು ಖರೆ. ಆದ್ರ ಮೋಟರು ನಿಲ್ಲಿಸಲಿಲ್ಲ. ಕಸ ಬಳಿಯೂ ಮುಂದ ನಮ್ಮ ಮನ್ಯಾಕಿ "ಇದೇನು ಹಳದಿ?" ಅಂದ್ಲು. "ಜಾಲಿ ಬಣ್ಣ," ಅಂದೆ. ಜಾಲಿ ಹಳದಿ ಇರೂದಿಲ್ಲ ಅನ್ನೂದು ಬಡಿಗ್ಯಾನ ಹೇಣ್ತಿಗೆ ಗೊತ್ತಿರೂದಿಲ್ಲೇನು? ಅಕಿ ಕಸಬರಿಗಿ ಆಡಿಸಿದ್ಲು.

ಮುಂದ ಕೆಲಸ ಹೆಂಗ ಓಡಿತಂದ್ರ ಹೇಳಾಕ ನಾಚಿಕಿ ಬರತೈತಿ. ಆ ಫೇಸ್‌ಪ್ಲೇಟು ಒಂದು ತೊಟ್ಟೂ ಅಳ್ಳಾಡಲಿಲ್ಲ. ಅದರ ಮ್ಯಾಲ ಜಾಲಿ ತುಂಡಿನ ಒಂದು ಬಾಯಿ ಮಾಡಿ, ಗರಗಸದಿಂದ ನಾಕು ಸೀಳು ಹಾಕಿ, ಸುತ್ತ ನೀರಿನ ಪೈಪಿನ ಕ್ಲಿಪ್ಪು ಬಿಗದೆ. ಭರಣಿ ತುಂಡು ಒಳಗ ತುರುಕಿ ಕ್ಲಿಪ್ಪು ತಿರುವಿದ್ರ ನಾಕೂ ಬೆರಳು ಸೇರಿ ಮುಷ್ಟಿಯಂಗ ಹಿಡೀತಿತ್ತು. ಮುಚ್ಚಳಕ್ಕ ಬ್ಯಾರೆ ಚಕ್ಕು. ಅದಕ್ಕ ಕ್ಲಿಪ್ಪಿಲ್ಲ, ಬರೇ ಬಿಗಿ. ತುದಿಗೆ ಒಂಚೂರು ಸಣ್ಣ ಬರೂವಂಗ ಹೊಳ್ಳಿಸಿ, ಸೀಮಿ ಸುಣ್ಣ ತಿಕ್ಕಿ, ಮುಚ್ಚಳ ಒತ್ತಿದ್ರ ಸಾಕು. ಮೊದಲನೇ ಭರಣಿ ಮುಚ್ಚಳ ಟಕ್ ಅಂದಾಗ ಸೆಡ್ಡೊಳಗ ನಾ ಒಬ್ಬನ ನಕ್ಕೆ. ಸಾವ್ಕಾರ್ರು ನೋಡಿ "ಭಾಳ ಛಲೋ ಆಗ್ಯಾವ ನೋಡ್ರಿ, ಇನ್ನೂ ಬೇಕು," ಅಂದ್ರು. ಯಕ್ಕನ ನೆನಪು ನಡುನಡುವ ಬರ್ತಿತ್ತು. ಮೋಟರಿನ ಸಪ್ಪಳಕ್ಕ ಅದನ್ನ ಅಡಗಿಸಿ ಬಿಡತಿದ್ದೆ.

ಆ ವರ್ಷ ಮಿರಗ ಹೇಳಿ ಮಾಡಿಸಿದಂಗ ಬಂತು. ರಾತ್ರಿ ಹೊಯ್ದು ಮುಂಜಾನಿ ಬಿಟ್ಟಿತು. ಮರುದಿನ ಮತ್ತ ಬಂತು. ಊರೆಲ್ಲಾ ಬೀಜದ ಚೀಲ ಬಿಚ್ಚಿತು, ಟ್ರ್ಯಾಕ್ಟರ್ ಸಪ್ಪಳ ಎದ್ದಿತು. ಒಂದಿನ ಮುಂಜಾನಿ ಲೇತು ತಿರುಗಾಕತ್ತಿದ್ದಾಗ ಸೆಡ್ಡಿನ ಬಾಗಲದಾಗ ಯಕ್ಕ ನಿಂತಿದ್ಲು. ಕೈಯಾಗ ಅರಿವಿ ಗಂಟು. ಅದರಾಗ ಕಾಯಿ, ಎಲಿ, ಅರಿಷಿಣ ಕುಂಕುಮ ಇರೂದು ನನಗ ಬಿಚ್ಚದ ತಿಳೀತು.

"ತಮ್ಮಾ, ಕೂರಿಗಿ ಒಯ್ಯಾಕ ಬಂದೆ. ತಾಳು ಹಾಕಿಯೇನು?"

ಮೋಟರು ಬಂದ್ ಮಾಡಿದೆ.

"ಟ್ರ್ಯಾಕ್ಟರ್ ಹಚ್ಚೂದಿಲ್ಲೇನು ಯಕ್ಕಾ?"

"ನನ್ನ ಹೊಲಕ್ಕ ಟ್ರ್ಯಾಕ್ಟರ್ ಹೆಂಗ ಹೊಕ್ಕತೈತಿ? ಮುಂದಿನ ಹೊಲದವರು ಮೂರೂ ಮಂದಿ ಬಿತ್ತಿ ಕುಂತಾರ. ಅವರ ಸಾಲು ತುಳಕೊಂಡು ಹೋಗ್ಲೇನು? ಎತ್ತಾದ್ರ ಬದುವು ಹಿಡದು ಹೋಗತಾವ. ನಾಳಿ ಒಂದ ದಿನ ಎತ್ತು ಕೊಡ್ತೀನಂತ ಮೈದುನ ಹೇಳ್ಯಾನ. ಅದು ಬಿಟ್ರ ಎತ್ತೂ ಇಲ್ಲ, ಹದಾನೂ ಇಲ್ಲ." ಹೇಳತಾ ಹೇಳತಾ ಅಕಿ ಗೂಟದ ಕಡೆ ನೋಡಿದ್ಲು. "ಬಟ್ಲು ಎಲ್ಲೈತಿ?"

ನನ್ನ ಬಾಯಿಗೆ ಸುಳ್ಳು ಎಷ್ಟು ಲಗೂನ ಬಂತು ಅನ್ನೂದು ಈಗಲೂ ನೆನಪೈತಿ. "ಅದಕ್ಕ ಗೆದ್ದಲು..." ಅಂದೆ.

"ಜಾಲಿಗೆ ಗೆದ್ದಲು?" ಅಂದ್ಲು ಯಕ್ಕ. ಸಿಟ್ಟಿರಲಿಲ್ಲ, ಬರೇ ಕೇಳಿದ್ಲು. ಹಿಂದ ಒಳಬಾಗಲದಾಗ ನಮ್ಮ ಮನ್ಯಾಕಿ ನಿಂತಿದ್ಲು. ಇಬ್ಬರು ಹೆಣಮಕ್ಕಳ ನಡುವ ನಿಂತು ಇನ್ನೊಂದು ಸುಳ್ಳು ಹುಡುಕಾಕ ನನ್ನ ಕೈಲೇ ಆಗಲಿಲ್ಲ.

"ಬಾ ಯಕ್ಕಾ, ತೋರಸ್ತೀನಿ," ಅಂತ ಲೇತಿನ ಹತ್ರ ಕರಕೊಂಡು ಹೋದೆ. ಚಕ್ಕು ಬಿಚ್ಚಿ, ಫೇಸ್‌ಪ್ಲೇಟು ತಿರುವಿ ತಗದು, ಅಕಿ ಕೈಯಾಗ ಕೊಟ್ಟೆ.

ಅಕಿ ತಿರುವಿ ನೋಡಿದ್ಲು. ಅಂಚು ಇಲ್ಲ, ಉಬ್ಬು ಇಲ್ಲ, ನಡುವ ಕಬ್ಬಿಣ. ತೂತಿನಾಗ ಕಿರುಬೆರಳು ಇಟ್ಲು. ಸಡಲಾಗಿ ಹೋತು. ಮೂರೂ ತೂತಿಗೆ ಇಟ್ಟು ನೋಡಿದ್ಲು.

"ನಮ್ಮತ್ತಿ ಇದರಾಗ ಬೆರಳಿಟ್ಟ ಕಲಿಸಿದ್ಲು ನನಗ ಬಿತ್ತೂದು," ಅಂದ್ಲು. ಆಮ್ಯಾಲ, "ಕೇಳಿದ್ರ ಕೊಡಂಗಿಲ್ಲಂತ ತಿಳಕೊಂಡ್ಯಾ?"

"ಹೂಂ ಯಕ್ಕಾ."

"ಕೊಡ್ತಿರಲಿಲ್ಲ, ಖರೇನ ಐತಿ."

ಬೈದಿದ್ರ ಹಗುರ ಆಗತಿತ್ತು. ಅಕಿ ಫೇಸ್‌ಪ್ಲೇಟು ಬೆಂಚಿನ ಮ್ಯಾಲ ಇಟ್ಟು, ಗಂಟು ಹಿಡಕೊಂಡು ನಿಂತ್ಲು. ಮನಿಗೆ ಹೋಗಬೇಕೋ ನಿಲ್ಲಬೇಕೋ ಅಕಿಗೂ ತಿಳೀವಲ್ದು. ಹದ ಬಂದಾಗ ಹರಗಬೇಕು, ಬೆದಿ ಬಂದಾಗ ಬಿತ್ತಬೇಕು ಅಂತಾರ. ಬೆದಿ ಬಂದಾಗ ನಾನು ಅಕಿ ಕೈ ಕಟ್ಟಿ ಕೂಡಿಸಿದ್ದೆ. ವರ್ಷ ಪೂರ್ತಿ ಅಕಿ ಮನ್ಯಾಗ ರೊಟ್ಟಿ ಆಗಬೇಕಾದ ಸಜ್ಜಿ ಅದು.

"ಸಂಜಿ ಅನ್ನೂದ್ರಾಗ ಹೊಸಾ ಬಟ್ಲು ಮಾಡಿ ಕೊಡ್ತೀನಿ," ಅಂದೆ.

"ಆಗ್ತೈತೇನೋ?"

ಈ ಸಲ "ಯಾಕಾಗಂಗಿಲ್ಲ" ಅಂತ ಬಾಯಿಗೆ ಬರಲಿಲ್ಲ. "ಮಾಡ್ತೀನಿ" ಅಂದೆ.

ಮೊದಲು ಗಾಡಿ ತಗೊಂಡು ಕುಷ್ಟಗಿ ಪೇಟಿಗೆ ಹೋದೆ. ಕಬ್ಬಿಣದ ಕೂರಿಗಿ ಬಟ್ಲು ಅಲ್ಲಿ ಇದ್ವು. ಆದ್ರ ತಳದ ತೂತಿನ ಅಂತರಾನ ಬ್ಯಾರೆ, ಹಳೇ ಬಿದಿರಿನ ಕೊಳವಿಗೆ ಕೂಡ್ತಿರಲಿಲ್ಲ. ಊರಾಗ ಇನ್ನೊಬ್ರ ಕೂರಿಗಿ ಕೇಳೂಣು ಅಂದ್ರ ಇದ್ದ ಒಂದೆರಡೂ ಹೊಲದಾಗ ಇದ್ವು. ಅಂಥಾ ದಿನ ಯಾರು ಕೊಡ್ತಾರ? ವಾಪಸ್ ಬಂದು ಒಣಾ ಜಾಲಿ ಎಲ್ಲೈತಿ ಅಂತ ಸೆಡ್ಡಿನ ನಡುವ ನಿಂತೆ. ನನ್ನ ಕಾಲಿಗೇ ಎಡವಿತು.

ನಮ್ಮ ಮನಿ ಕೊರಡು. ಬಾಚಿಯಿಂದ ಕಟ್ಟಿಗಿ ಕೆತ್ತೂ ಮುಂದ ಕೆಳಗ ಆನಿಸೂ ಜಾಲಿ ತುಂಡು. ಅಜ್ಜ ಕೂತದ್ದು, ಅಪ್ಪ ಕೂತದ್ದು, ಈಗ ನಾನು. ಮ್ಯಾಲೆಲ್ಲಾ ಬಾಚಿ ಗಾಯ, ಒಳಗ ಕಬ್ಬಿಣದಂಥ ಕಟ್ಟಿಗಿ. ಫೇಸ್‌ಪ್ಲೇಟಿಗೆ ಕಟ್ಟಿಗಿ ಹುಡುಕೂ ಮುಂದ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲೇನು? ಬಿದ್ದಿತ್ತು. ನಮ್ಮದು ಅಂತ ಬಿಟ್ಟಿದ್ದೆ. ಇದನ್ನ ನೆನಸಿಕೊಂಡ್ರ ಇವತ್ತಿಗೂ ನನ್ನ ಮಾರಿಗೆ ನಾನ ಹೊಡಕೊಳ್ಳಬೇಕು ಅನ್ನಿಸತೈತಿ.

ಗರಗಸ ಹಚ್ಚಿದೆ. ನಮ್ಮ ಮನ್ಯಾಕಿ ಕೊರಡಿನ ಮ್ಯಾಲ ಕಾಲಿಟ್ಟು ಒತ್ತಿ ಹಿಡದ್ಲು. ಜಾಲಿ ಕೊಯ್ಯೂದಂದ್ರ ಕಲ್ಲು ಕೊಯ್ದಂಗ. ಹಲ್ಲು ಎರಡು ಸಲ ಮೊಂಡಾದ್ವು, ಎರಡೂ ಸಲ ಅರ ಹಾಕಿದೆ. ಗುಂಡನ್ನ ತುಂಡು ಹೊರಗ ಬಂದಾಗ ಹೊತ್ತು ನಡುನೆತ್ತಿ ದಾಟಿತ್ತು. ಅದನ್ನ ಲೇತಿಗೆ ಹಿಡೀಬೇಕಂದ್ರ ಇದ್ದದ್ದು ಒಂದ ಫೇಸ್‌ಪ್ಲೇಟು. ಹಳೇ ಬಟ್ಲಿನ ಆ ಮೂರು ತೂತಿನಿಂದಲೇ ಸ್ಕ್ರೂ ಹೊಡದು ಹೊಸಾ ಬಟ್ಲಿನ ಕಟ್ಟಿಗಿ ಬಿಗದೆ. ಯಕ್ಕ ಕಟ್ಟಿ ಮ್ಯಾಲ ಕೂತು ನೋಡಾಕತ್ತಿದ್ಲು. ನಾನು ಅಕಿ ಕಡೆ ಬೆನ್ನು ಮಾಡಿ ಸ್ಕ್ರೂ ತಿರುವಿದೆ.

ಹೊರಗಿನ ಮೈ ಸುಲಭ ಬಂತು. ಒಳಗ ಕೊರಿಯೂ ಮುಂದ ತೊಂದ್ರಿ ಹತ್ತಿತು. ಭರಣಿ ಸಣ್ಣ ತುಂಡು, ಹಗುರ. ಇದು ಭಾರ. ಕೂದಲಷ್ಟು ವಾರಿ ಕೂತಿದ್ದ ನಟ್ಟು ಈಗ ತನ್ನ ಗುಣ ತೋರಿಸ್ತು. ಉಳಿ ಒತ್ತಿದಾಗ ಒಮ್ಮಿ ಕಟ್ಟಿಗಿ ಸಿಕ್ಕು, ಫೇಸ್‌ಪ್ಲೇಟು ಇನ್ನಷ್ಟು ಬಿಗಿಯಾಗಿ ತಿರುವಿಕೊಂಡು ಮೊದಲಿನ ಜಾಗಾ ಬಿಟ್ಟು ಕೂತಿತು. ಅಲ್ಲೀತನಕ ಕೆತ್ತಿದ್ದು ಒಂದು ನಡು, ಅಲ್ಲಿಂದ ಮುಂದ ಇನ್ನೊಂದು ನಡು. ನಡುವಿನ ಉಬ್ಬು ಅರ್ಧ ಆಗಿತ್ತು. ಬಿಚ್ಚಿ ಹಿಂದ ಕಾಗದದ ಪಟ್ಟಿ ಮಡಚಿ ಕೊಟ್ಟೆ, ಒಂಚೂರು ಸುಧಾರಿಸ್ತು. ಉಬ್ಬಿನ ಎತ್ತರ ಎಷ್ಟಿತ್ತು ಅಂತ ನೋಡೂಣು ಅಂದ್ರ ನೋಡಾಕ ಹಳೇದು ಎಲ್ಲಿತ್ತು? ಅದು ನಾನ ಎರಡ ಏಟಿಗೆ ಹಾರಿಸಿದ್ದು, ಯಾವಾಗೋ ಒಲಿಗೆ ಹೋಗಿತ್ತು.

"ಯಕ್ಕಾ, ಉಬ್ಬು ಎಷ್ಟಿತ್ತು?"

ಅಕಿ ಮುಷ್ಟಿ ಕಟ್ಟಿ, ಬಟ್ಲಿನ ಮ್ಯಾಲ ಹಿಡದು, ಕಣ್ಣು ಮುಚ್ಚಿದ್ಲು. "ಇನ್ನ ಒಂಚೂರು ಇಳಸು. ಹಾಂ, ಸಾಕು ಸಾಕು."

ಮೂರು ತೂತನ್ನ ಸಣ್ಣ ಬೈರಿಗಿಯಿಂದ ಹಾಕಿ, ಗುಂಡನ್ನ ಅರದಿಂದ ಸಾವಕಾಶ ಬಿಡಿಸಿದೆ. ಪ್ರತಿ ಸಲಾನೂ ಅಕಿ ಕಿರುಬೆರಳು ಇಟ್ಟು ನೋಡ್ತಿದ್ಲು. ಮೊದಲ ಗೆಣ್ಣಿನ ತನಕ ಇಳದು ನಿಂತ್ರ ಸಜ್ಜಿಗೆ ಸರಿ ಅಂತ ಅಕಿ ಅತ್ತಿ ಹೇಳಿದ್ಲಂತ.

ಹೊತ್ತು ಇಳಿಯೂ ಮುಂದ ಪರೀಕ್ಷಾ. ನಿಲ್ಲಿಸಿದ ಎರಡು ಇಟ್ಟಂಗಿ ಮ್ಯಾಲ ಬಟ್ಲ ಇಟ್ಟು, ತೂತಿನ ಕೆಳಗ ಮೂರು ಸ್ಟೀಲ್ ಲೋಟ ಹಿಡದು, ಒಂದು ಮುಷ್ಟಿ ಸಜ್ಜಿ ಬಿಟ್ಟೆ. ಲೋಟ ಸಾಲಾಗಿ ಇಟ್ಟು ನೋಡಿದೆ. ಮೂರನೇದ್ರಾಗ ಅರ್ಧಾನೂ ಇರಲಿಲ್ಲ. ಉಬ್ಬಿನ ಒಂದು ಮಗ್ಗಲು ಅರ ಹಾಕಿದೆ, ಮತ್ತ ಬಿಟ್ಟೆ. ಕಮ್ಮಿ. ಮತ್ತ ಅರ, ಮತ್ತ ಸಜ್ಜಿ. ನಮ್ಮ ಮನ್ಯಾಕಿ ಚೆಲ್ಲಿದ ಕಾಳು ಆರಿಸಿ ಆರಿಸಿ ಕೊಡ್ತಿದ್ಲು. ಕಡೀಕ ಮೂರೂ ಲೋಟ ಬರೇ ಕಣ್ಣಿಗೆ ಸಮಾ ಕಾಣೂ ಹಂತಕ್ಕ ಬಂತು. ಬರೇ ಕಣ್ಣಿಗೆ. ಬೆರಳು ಇಳಿಬಿಟ್ಟು ನೋಡಿದಾಗ ಮೂರನೇದು ಒಂಚೂರು ಕೆಳಗ ಇತ್ತು. ಅದನ್ನ ನಾನು ನೋಡಿದೆ.

ಸರಿಪಡಿಸಬೇಕಂದ್ರ ಬಟ್ಲ ಮತ್ತ ಲೇತಿಗೆ ಏರಿಸಿ ನಡು ಹೊಸದಾಗಿ ಕೆತ್ತಬೇಕು. ಅದಕ್ಕ ನೆಟ್ಟಗ ಕೂತ ಬ್ಯಾರೆ ಫೇಸ್‌ಪ್ಲೇಟು ಬೇಕು. ಇನ್ನೂ ತಾಳು ಹಾಕೂದಿತ್ತು, ಕೀಲು ಬಿಗಿಯೂದಿತ್ತು. ಬೆನ್ನು ಮುರದು ಬಿದ್ದಿತ್ತು. ಆದ್ರ ದಣಿವು ಒಂದ ಕಾರಣ ಅಂದ್ರ ಸುಳ್ಳಾಗತೈತಿ. ಯಕ್ಕನ ಮಾರಿ ಮ್ಯಾಲ ಆವಾಗ ಒಂಚೂರು ಸಮಾಧಾನ ಬಂದಿತ್ತು. ಅದನ್ನ ಕೆಡಸಾಕ ಮನಸು ಬರಲಿಲ್ಲ. ನನ್ನ ತಪ್ಪು ಇಲ್ಲಿಗೆ ಮುಗೀತು ಅನ್ನಿಸಿಕೊಳ್ಳೂದು ನನಗ ಬೇಕಾಗಿತ್ತು.

"ಸಮಾ ಐತಿ ಯಕ್ಕಾ," ಅಂದೆ.

ಮರುದಿನ ಬೆಳಕು ಹರಿಯೂ ಮುಂದ ಅಕಿ ಬಂದು ಸೆಡ್ಡಿನ್ಯಾಗ ಕೂರಿಗಿಗೆ ನೀರು ಹಾಕಿ, ಹೊಸಾ ಬಟ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದ್ಲು. ನನಗೂ ಒಂದು ಚೂರು ಕೊಟ್ಲು. ಮೈದುನ ಎತ್ತು ಹೂಡಿಕೊಂಡು ಬಂದಿದ್ದ. ಸೀರಿ ಸೆರಗಿನ ಉಡಿಯೊಳಗ ಸಜ್ಜಿ ತುಂಬಿಕೊಂಡು ಅಕಿ ಕೂರಿಗಿ ಹಿಂದ ಹೋದ್ಲು.

ಒಂದು ವಾರ ಆ ಕಡೆ ತಲಿ ಹಾಕಲಿಲ್ಲ. ಭರಣಿ ಕೊಡಾಕ ಕೊಪ್ಪಳಕ್ಕ ಹೋಗೂ ದಿನ ಬಸ್ಸು ಯಕ್ಕನ ಹೊಲದ ಮಗ್ಗಲದಿಂದ ಹೋತು, ರಸ್ತಾಕ್ಕೂ ಹೊಲಕ್ಕೂ ನಡುವ ಆಳನ್ನ ಹಳ್ಳ ಒಂದ. ಮಸಾರಿ ನೆಲದಾಗ ಹಸರು ಎದ್ದಿತ್ತು. ಎರಡು ಸಾಲು ದಟ್ಟ, ಒಂದು ಸಾಲು ತೆಳ್ಳಗ. ಎರಡು ದಟ್ಟ, ಒಂದು ತೆಳ್ಳಗ. ಈ ಬದುವಿನಿಂದ ಆ ಬದುವಿನ ತನಕ ಹೊಲ ಪೂರ್ತಿ ಹಂಗ ಇತ್ತು. ಬಸ್ಸಿನ್ಯಾಗ ಯಾರೋ ಕಿಡಕಿಯಿಂದ ನೋಡಿ, "ಬಿತ್ತಾಕಿ ಕೈ ಚೊಕ್ಕ ಇಲ್ಲ," ಅಂದ್ರು. ಊರಾಗ ಬಿತ್ತೂ ಕೈ ಅಂದ್ರ ಯಕ್ಕನ ಕೈ ಅಂತಿದ್ರು. ಮಂದಿ ಕರದು ಕರದು ಬಿತ್ತಿಸಿಕೊಳ್ತಿದ್ರು. ತಪ್ಪು ನಂದು, ಹೆಸರು ಅಕೀದು ಹೋಗಾಕತ್ತಿತ್ತು. ನಾನು ಭರಣಿ ಚೀಲ ತೊಡಿ ಮ್ಯಾಲ ಇಟಗೊಂಡು ಕೂತಿದ್ದೆ.

ಕೊಪ್ಪಳದಿಂದ ವಾಪಸ್ ಬರೂ ಮುಂದ ಮನಿತನಕ ಹೋಗಲಿಲ್ಲ, ಹೊಲದ ಹತ್ರ ಇಳದೆ. ಯಕ್ಕ ತೆಳ್ಳನ್ನ ಸಾಲಿನ್ಯಾಗ ಕುಕ್ಕರಗಾಲಿಲೆ ಕೂತು, ಕುರ್ಪಿಯಿಂದ ನೆಲ ಕೆದರಿ, ಖಾಲಿ ಇದ್ದಲ್ಲಿ ಕಾಳು ಹಾಕಾಕತ್ತಿದ್ಲು.

"ಯಕ್ಕಾ, ಆವತ್ತ ಸಂಜಿಮುಂದ ಮೂರನೇ ಲೋಟದಾಗ ಕಮ್ಮಿ ಬಿದ್ದದ್ದು ನಾ ನೋಡಿದ್ದೆ. ನೋಡಿ ಸಮಾ ಐತಿ ಅಂದೆ."

ಅಕಿ ತಲಿ ಎತ್ತಲಿಲ್ಲ. "ಎರಡನೇ ಸುತ್ತಿಗೆ ನನಗೂ ತಿಳೀತು. ಕೊಳವಿ ಸಪ್ಪಳ ಬ್ಯಾರೆ ಬರ್ತಿತ್ತು. ಕೈ ವಾಲಿಸಿ ವಾಲಿಸಿ ಬಿಟ್ಟೆ, ರೂಢಿ ಇಲ್ಲದ್ದು, ಕೂಡಿ ಬರಲಿಲ್ಲ. ಎತ್ತು ನಿಲ್ಲಸಾಕ ಬರ್ತಿರಲಿಲ್ಲ, ಸಂಜೀಕ ಬಿಟ್ಟು ಕೊಡಬೇಕಿತ್ತು." ಕಾಳಿನ ಮ್ಯಾಲ ಮಣ್ಣು ಎಳದು, "ಆವಾಗ ಹೇಳಿದ್ದಿದ್ರ ಕೈ ಹೆಂಗ ಬಿಡಬೇಕು ಅಂತ ಅಲ್ಲೇ ಸೆಡ್ಡಿನ್ಯಾಗ ರೂಢಿ ಮಾಡಿಕೊಳ್ತಿದ್ದೆ," ಅಂದ್ಲು.

ನಾನು ಚಪ್ಪಲಿ ಬದುವಿನ ಮ್ಯಾಲ ಬಿಟ್ಟು ಮುಂದಿನ ಸಾಲಿನ್ಯಾಗ ಕೂತೆ. ಅಕಿ ಉಡಿಯಿಂದ ಒಂದು ಮುಷ್ಟಿ ಕಾಳು ಕೊಟ್ಲು. ಕತ್ತಲಿ ಆಗೂತನಕ ಹಾಕಿದ್ವಿ. ಮರುದಿನ ನಮ್ಮ ಮನ್ಯಾಕೀನೂ ಬಂದ್ಲು. ಹಿಂದಿಂದ ಹಾಕಿದ ಕಾಳು ಹುಟ್ಟಿದ್ವು, ಆದ್ರ ಮೊದಲ ಹುಟ್ಟಿದ್ದರ ನೆಳ್ಳಾಗ ಬೆಳದ್ವು. ತೆನಿ ಬಂದಾಗಲೂ ಆ ಸಾಲು ಮೊಳಕಾಲಷ್ಟು ಕೆಳಗ ಇತ್ತು. ಬಟ್ಲ ಒಮ್ಮಿ ಕೊಡು, ಸಮಾ ಮಾಡಿ ಕೊಡ್ತೀನಿ ಅಂತ ನಾ ಎರಡು ಸಲ ಕೇಳಿದೆ. "ನೋಡೂಣು ತಗೋ," ಅಂದ್ಲು.

ಊರಿನ ಹಿಂಗಾರಿ ಬಿತ್ತಿಗೀನೂ ಮುಗದ ಮ್ಯಾಲ ಒಂದು ದಿನ ಯಕ್ಕ ರೂಢಿ ಪ್ರಕಾರ ಕೂರಿಗಿ ತಗೊಂಡು ಬಂದ್ಲು. ಮೈದುನ ಹೊತ್ತುಕೊಂಡು ಬಂದು ಸೆಡ್ಡಿನ ಮುಂದ ಇಳಿಸಿ ಹೋದ. ನನ್ನ ಲೇತು ತಿರುಗಾಕತ್ತಿತ್ತು, ಅದ ಫೇಸ್‌ಪ್ಲೇಟಿನ ಮ್ಯಾಲ. ಬ್ಯಾರೆ ಮಾಡಿಕೊಂಡಿದ್ದೆ, ಕೊರಡಿನ ಉಳಿದ ತುಂಡಿಂದು. ಆದ್ರ ಇದರಷ್ಟು ಬಿಗಿ ಹಿಡೀವಲ್ದು. ಲಗೂನ ಮೋಟರು ಬಂದ್ ಮಾಡಿದೆ.

"ಯಾಕ ನಿಲ್ಲಿಸಿದಿ? ನಡೀಲಿ ನಿನ್ನ ಕೆಲಸ," ಅಂದ್ಲು ಯಕ್ಕ. "ಕೀಲು ಒಂದು ಅಳ್ಳಾಡತೈತಿ. ಮುಂದಿನ ಮಿರಗದ ತನಕ ನೋಡಿಡು."

ನನಗ ಎದಿ ಮ್ಯಾಲಿನ ಭಾರ ಇಳದಂಗ ಆತು. ಕೂರಿಗಿ ಮತ್ತ ನನ್ನ ಗೂಟಕ್ಕ ಬಂತಲ್ಲ ಅಂತ. ಎತ್ತಿ ಗೂಟಕ್ಕ ಹಾಕಾಕ ಹೋದೆ.

"ತಡಿ ತಮ್ಮಾ," ಅಂದ್ಲು. ಕೂರಿಗಿ ಮುಂದ ಕೂತು, ಬಟ್ಲಿಗೆ ಕಟ್ಟಿದ್ದ ಹಗ್ಗದ ಗಂಟು ಒಂದೊಂದ ಬಿಚ್ಚಿದ್ಲು. ಬಟ್ಲ ಎತ್ತಿ, ಸೆರಗಿನಿಂದ ಧೂಳು ಒರಸಿ, ಬಗಲಾಗ ಇಟಗೊಂಡ್ಲು.

"ಇದು ನನ್ನ ಹತ್ರ ಇರಲಿ."

"ಸಮಾ ಮಾಡಿ ಕೊಡ್ತಿದ್ದೆ ಯಕ್ಕಾ."

"ಬ್ಯಾಡ. ಯಾವ ತೂತಿಗೆ ಕಮ್ಮಿ ಬೀಳತೈತಿ ಅಂತ ಈಗ ನನ್ನ ಕೈಗೆ ಗೊತ್ತೈತಿ." ದನಿಯೊಳಗ ಸಿಟ್ಟಿರಲಿಲ್ಲ. ನಮ್ಮ ಮನ್ಯಾಕಿ ಚಾ ಮಾಡಿದ್ಲು, ಯಕ್ಕ ಕುಡದ್ಲು, ನಮ್ಮ ಆಕಳ ಕರಾ ಹೆಂಗೈತಿ ಅಂತ ಕೇಳಿದ್ಲು. ಬಟ್ಲ ಬಗಲಾಗ ಹಿಡಕೊಂಡು ಓಣಿ ಹಿಡದು ಹೋದ್ಲು.

ಕೂರಿಗಿ ಎತ್ತಿ ಗೂಟಕ್ಕ ಹಾಕಿದೆ. ಬಟ್ಲಿಲ್ಲದ ಕೊಳವಿಯೊಳಗ ಕಣಜದ ಹುಳ ಗೂಡು ಕಟ್ಟತಾವ ಅಂತ ಮೂರೂ ಬಾಯಿಗೆ ಅರಿವಿ ತುರುಕಿದೆ.